ಐದನೆಯ ಇನ್ನಿಂಗ್ಸ್‌ನ ಬೀಳ್ಕೊಡುಗೆ

ನಮ್ಮ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡೆಸೆಗಾರ, ಲೈಲ್ ಹಾಲ್ಕೋಂಬ್‌ನನ್ನು ಉಳಿಸಿಕೊಳ್ಳುವುದೋ, ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಎಳೆಯ ಆಟಗಾರರನ್ನು ಪಡೆಯುವುದೋ ಎಂಬ ಪ್ರಶ್ನೆ ಜುಲೈ ತಿಂಗಳ ಕೊನೆಯ ದಿನ ಸಂಜೆ ಆರಕ್ಕೆ ತಾನಾಗಿಯೇ ಸಾಯಲಿತ್ತು. ಆಮೇಲೆ ಆ ವರ್ಷ ಯಾವ ತಂಡವೂ ಯಾರನ್ನೂ ಬದಲಿಸಿಕೊಳ್ಳುವಂತಿಲ್ಲ.

ಬೆಳಿಗ್ಗೆ ನಮ್ಮ ತಂಡದ ವ್ಯವಸ್ಥಾಪಕಿ ನಡೀನ್ ಓಸ್ಟ್ರಾಂಡರ್ ನನ್ನನ್ನು ಕರೆಸಿದಳು. ಆಟಗಾರರನ್ನು ಹುಡುಕಿ ತೂಗಿ ನೋಡುವುದು ನಲವತ್ತು ವರ್ಷಗಳಿಂದ ನನ್ನ ಕೆಲಸ. ಜೂನ್‌ನಲ್ಲಿ ನಾನು ಬರೆದುಕೊಟ್ಟಿದ್ದ ಹಾಳೆ ಅವಳ ಮುಂದಿತ್ತು: ‘ಚೆಂಡು ಕೊನೆಯ ಗಳಿಗೆಯಲ್ಲಿ ತಿರುಗುತ್ತಿಲ್ಲ; ತಿರುಗುವೆನೆಂದು ಮೊದಲೇ ಹೇಳಿಬಿಡುತ್ತದೆ. ಕಳಿಸಿ.’

“ಟೀಗ್, ಈಗಲೂ ಇದೇ ಮಾತಾ?”

“ಇದೇ.”

“ಅವನನ್ನ ಈ ಊರಿಗೆ ತಂದೋರು ನೀವೇ ಅಲ್ವಾ?”

“ತಂದೋನಿಗೆ ಕಣ್ಣು ಕಾಣ್ಬಾರ್ದು ಅಂತ ಎಲ್ಲಾದ್ರೂ ಬರ್ದಿದ್ಯಾ?”

ಅವಳು ನಗಲಿಲ್ಲ. ಪಶ್ಚಿಮ ಕರಾವಳಿಯ ಒಂದು ತಂಡಕ್ಕೆ ಅಕ್ಟೋಬರಿನ ಅಂತಿಮ ಪಂದ್ಯಗಳಿಗೆ ಲೈಲ್ ಬೇಕಾಗಿದ್ದ. ಇಬ್ಬರು ಒಳ್ಳೆಯ ಎಳೆಯರನ್ನು ಕೊಡಲು ಸಿದ್ಧರಿದ್ದರು. ಇಲ್ಲವಾದರೆ ಅವನೊಡನೆ ಇನ್ನೆರಡು ವರ್ಷಗಳ ಕರಾರು. ಆದರೆ ನಿಯಮದ ಪ್ರಕಾರ ಹತ್ತು ವರ್ಷ ಆಡಿದವನನ್ನು, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನನ್ನು, ಅವನ ಸಹಿಯಿಲ್ಲದೆ ಕಳಿಸುವಂತಿಲ್ಲ. ಲೈಲ್ ಸಹಿ ಹಾಕುವುದಿಲ್ಲವೆಂದು ಅದಾಗಲೇ ಹೇಳಿದ್ದ.

ಕಾರಣ ಎಲ್ಲರಿಗೂ ಗೊತ್ತಿತ್ತು. ಮೈದಾನದ ಬಲತುದಿಯ ಇಟ್ಟಿಗೆ ಗೋಡೆಯ ಮೇಲೆ ಒಂದು ಹೆಸರೂ 168 ಎಂಬ ಸಂಖ್ಯೆಯೂ ಇದ್ದವು: ನಮ್ಮ ತಂಡದ ಪರವಾಗಿ ಒಬ್ಬ ಪಿಚರ್ ಗಳಿಸಿದ ಅತಿ ಹೆಚ್ಚು ಗೆಲುವುಗಳು. ಅರವತ್ತು ವರ್ಷಗಳಿಂದ ಆ ಬಣ್ಣವನ್ನು ಮತ್ತೆ ಮತ್ತೆ ಬಳಿಯುತ್ತಿದ್ದರೇ ಹೊರತು ಬದಲಿಸಿರಲಿಲ್ಲ. ಲೈಲ್‌ನ ಗೆಲುವುಗಳು 161. ಇನ್ನೆಂಟು ಬಂದರೆ ಗೋಡೆ ಅವನದು.

ಮಧ್ಯಾಹ್ನ ಒಂದಕ್ಕೆ ಅವನೇ ಪಿಚರ್ ಆಗಿ ಆಟ ಶುರುವಾಯಿತು. ನಾನು ಆಟಗಾರರು ಕೂರುವ ತಗ್ಗಾದ ಡಗೌಟ್‌ನ ಮೇಲಿನ ಮೊದಲ ಸಾಲಿನಲ್ಲಿ ಕುಳಿತೆ. ಊರಂಚಿನ ಸರೋವರದ ಗಾಳಿ ಎದುರಾಳಿಗಳು ಹೊಡೆದ ಚೆಂಡುಗಳನ್ನು ಮೈದಾನದೊಳಕ್ಕೇ ತಳ್ಳುತ್ತಿತ್ತು. ಆ ದಿನ ಗಾಳಿಯೇ ಅವನ ಅರ್ಧ ಕೆಲಸ ಮಾಡಿತು. ಐದು ಇನ್ನಿಂಗ್ಸ್ ಮುಗಿದಾಗ ನಾವು ಒಂದು ರನ್ ಮುಂದಿದ್ದೆವು. ಆಗ ಅವನ ಪ್ಯಾಂಟಿನ ಬಲಬದಿಯಲ್ಲಿ ರಕ್ತದ ಗೆರೆಯನ್ನು ಕಂಡ ಕೋಚ್ ಅವನ ಕೈ ತಿರುವಿ ನೋಡಿದ. ನಡುಬೆರಳಿನ ಉಗುರು ಸೀಳಿತ್ತು. ಕೋಚ್ ಭುಜ ತಟ್ಟಿ, ಸಾಕು ಎಂದ.

ಜುಲೈ ಕೊನೆಯ ದಿನ ಚೆನ್ನಾಗಿ ಆಡುತ್ತಿರುವವನನ್ನು ನಡುವೆ ಕೂರಿಸಿದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ: ಅವನನ್ನು ಕೊಟ್ಟಾಗಿದೆ. ಗಾಯವಾಗಿ ಒಪ್ಪಂದ ಮುರಿಯದಿರಲೆಂದು ಹೊರಗೆ ತೆಗೆಯುತ್ತಾರೆ, ಜೊತೆಗಾರರು ಅಪ್ಪಿಕೊಳ್ಳುತ್ತಾರೆ. ಕ್ಯಾಚರ್ ಎಲಾದಿಯೊ, ಒಂಬತ್ತು ವರ್ಷಗಳಿಂದ ಬೆರಳ ಸನ್ನೆ ಮಾಡಿ ಅವನ ಚೆಂಡುಗಳನ್ನು ಹಿಡಿಯುತ್ತಿದ್ದವನು, ಮುಖವಾಡವನ್ನು ಕಳಚಿ ಮೊದಲು ಅಪ್ಪಿದ.

“ಅಲ್ಲಿ ಹೋಗಿ ನನ್ನ ಸನ್ನೆಗಳನ್ನೆಲ್ಲ ಒದರ್ಬೇಡ ಮಾರಾಯ.”

“ಎಲ್ಲಿಗೋ ಹೋಗೋದು? ಉಗುರು ಕಣೋ, ಬರೀ ಉಗುರು!”

“ಆಯ್ತಪ್ಪ, ಉಗುರು,” ಎಂದು ಎಲಾದಿಯೊ ಅಳುತ್ತಲೇ ಕಣ್ಣು ಮಿಟುಕಿಸಿದ.

ಪ್ರಕಟಣೆ ಬರುವ ತನಕ ಬೇರೆ ತಂಡದ ಪಾಲಾದವನು ಅದನ್ನು ಒಪ್ಪಿಕೊಳ್ಳಬಾರದೆಂಬುದೂ ಸಂಪ್ರದಾಯವೇ. ಹಾಗಾಗಿ ಅವನು ಇಲ್ಲವೆಂದಷ್ಟೂ ಅವರಿಗೆ ಖಾತ್ರಿಯಾಯಿತು. ಒಬ್ಬೊಬ್ಬರಾಗಿ ಸಾಲುಗಟ್ಟಿದರು. ದೊಡ್ಡ ಪರದೆ ಅದನ್ನು ತೋರಿಸಿತು. ಮೊದಲು ಎಲ್ಲೋ ಒಬ್ಬಳು ಎದ್ದಳು. ಮರುಗಳಿಗೆಯಲ್ಲಿ ಇಪ್ಪತ್ತು ಸಾವಿರ ಜನ ಎದ್ದು ನಿಂತಿದ್ದರು.

ನನ್ನ ಫೋನ್ ಹೊಡೆದುಕೊಂಡಿತು. ಮಾಡಿದ್ದು ನಡೀನ್. “ಟೀಗ್, ಅಲ್ಲೇನು ನಡೀತಿದೆ? ನಾನಿನ್ನೂ ಯಾರಿಗೂ ಹೂಂ ಅಂದಿಲ್ಲ!”

“ಊರು ಅಂದ್ಬಿಟ್ಟಿದೆ,” ಎಂದೆ.

ಲೈಲ್ ಮೆಟ್ಟಿಲೇರಿ ಹೊರಬಂದ. ಬೇರೇನು ಮಾಡುವುದೆಂದು ತಿಳಿಯದವನಂತೆ ಟೋಪಿ ಎತ್ತಿದ. ಚಪ್ಪಾಳೆ ನಿಲ್ಲಲಿಲ್ಲ. ಅವನು ಒಮ್ಮೆ ಬಲತುದಿಯ ಗೋಡೆಯತ್ತ ನೋಡಿ ಒಳಗೆ ಹೋದ.

ನಡೀನ್ ಪಶ್ಚಿಮ ಕರಾವಳಿಯವರೊಡನೆ ಮಾತಾಡಿ, ಒಪ್ಪಿಗೆಯ ಕಾಗದವನ್ನು ನನ್ನ ಕೈಯಲ್ಲಿ ಕಳಿಸಿದಳು. ಬೆರಳನ್ನು ಮಂಜುಗಡ್ಡೆಯ ಬೋಗುಣಿಯಲ್ಲಿ ಅದ್ದಿಕೊಂಡು ಅವನು ಉಡುಪು ಬದಲಿಸುವ ಕೋಣೆಯಲ್ಲಿ ಒಬ್ಬನೇ ಕುಳಿತಿದ್ದ.

“ಬಾ ತಾತ. ನನ್ನ ಮಣ್ಣು ಚೆನ್ನಾಗಾಯ್ತಾ?”

“ಜನ ಚೆನ್ನಾಗಿ ಸೇರಿದ್ರು.”

“ಉಗುರಿನ ವಿಷ್ಯ ಆ ತಂಡದೋರಿಗೆ ಗೊತ್ತಾ?”

“ನಡೀನ್ ಹೇಳಿದ್ಲು. ಹತ್ತು ದಿನದಲ್ಲಿ ಬೆಳೆಯುತ್ತೆ, ನಮಗೆ ಬೇಕಿರೋದು ಅಕ್ಟೋಬರಿಗೆ ಅಂದ್ರಂತೆ.”

ಅವನು ಬೋಗುಣಿಯ ಮಂಜುಗಡ್ಡೆಯನ್ನು ಪಕ್ಕಕ್ಕೆ ಸರಿಸಿದ. “ನಿಜ ಹೇಳು. ನನ್ನ ಬಗ್ಗೆ ಏನು ಬರ್ದಿದ್ದೆ?”

“ಕಳಿಸಿ ಅಂತ.”

“ಹದಿನಾರು ವರ್ಷದ ಹಿಂದೆ?”

“ತನ್ನಿ ಅಂತ.”

“ಎರಡೂ ಒಂದೊಂದೇ ಪದ. ಜಿಪುಣ ಕಣಯ್ಯ ನೀನು.” ಅವನು ನಕ್ಕ, ನಗು ಬೇಗ ಮುಗಿಯಿತು. “ಎಂಟು ಗೆಲುವು ಬರ್ತಿತ್ತಾ?”

ಜೋಳದ ಹೊಲದ ಪಕ್ಕದ ಕಾಲೇಜು ಮೈದಾನದಲ್ಲಿ ಅವನ ಚೆಂಡು ಗಾಳಿಯಲ್ಲಿ ಮನಸ್ಸು ಬದಲಿಸುವುದನ್ನು ನಾನು ಮೊದಲ ಸಲ ನೋಡಿದ ದಿನ ನೆನಪಾಯಿತು. ಸುಳ್ಳು ಹೇಳುವುದು ಸುಲಭವಿತ್ತು.

“ಬರ್ಬಹುದಿತ್ತು, ಲೈಲ್. ಆದ್ರೆ ಮೂರನೇದು ಬರೋ ಹೊತ್ತಿಗೆ ಇದೇ ಜನ ನಿನ್ನನ್ನ ಬೈತಿರ್ತಿದ್ರು.”

“ಎಲಾದಿಯೊ ಅತ್ತಿದ್ದು ನೋಡ್ದ್ಯಾ? ನಾಳೆ ಬೆಳಿಗ್ಗೆ ನಾನು ಇಲ್ಲೇ ಬಂದು ಕೂತ್ರೆ ಅವನ ಮುಖಕ್ಕೆ ಏನು ಹೇಳ್ಲಿ? ಮಣ್ಣಾದೋನು ತಿಂಡಿಗೆ ಬರ್ಬಾರ್ದು.” ಅವನು ಎಡಗೈ ಚಾಚಿದ. “ಕೊಡು.”

ಬಲಗೈ ನೀರಿನಲ್ಲೇ ಇತ್ತು. ಎಡಗೈಯಿಂದ, ಅಕ್ಷರ ಕಲಿಯುವವನಂತೆ ನಾಲಿಗೆ ಕಚ್ಚಿಕೊಂಡು ಬರೆದ.

ಎಂಟನೆಯ ಇನ್ನಿಂಗ್ಸ್‌ನಲ್ಲಿ ಎದುರಾಳಿಗಳು ಸಮ ಮಾಡಿಕೊಂಡರು. ಅವನು ಬಿಟ್ಟುಹೋದ ಮುನ್ನಡೆ ಅಳಿದದ್ದರಿಂದ ಆ ದಿನದ ಗೆಲುವೂ ಅವನ ಹೆಸರಿಗೆ ಬರಲಿಲ್ಲ. ಮೇಲಿನ ಕೋಣೆಯಲ್ಲಿ ನಡೀನ್ ಕಾಗದವನ್ನು ಬೆಳಕಿಗೆ ಹಿಡಿದಳು.

“ಇದು ಅವನ ಸಹಿ ಅಂತ ಯಾರು ನಂಬ್ತಾರೆ?”

“ಸಾಕ್ಷಿ ಅಂತ ನನ್ನದೂ ಹಾಕ್ತೀನಿ,” ಎಂದೆ.

ಕಿಟಕಿಯಾಚೆ ಸರೋವರದ ಹಕ್ಕಿಗಳು ಬಲತುದಿಯ ಹುಲ್ಲಿನ ಮೇಲೆ, ಗೋಡೆಯ ನೆರಳಿನಲ್ಲಿ, ಇಳಿಯುತ್ತಿದ್ದವು. ನಾನು ಅವನ ವಕ್ರ ಅಕ್ಷರಗಳ ಕೆಳಗೆ ನನ್ನ ಹೆಸರನ್ನು ಬರೆದೆ.