ಬಿಚ್ಚದ ಕಟ್ಟು

"ಕಾಲಿನ ಕಟ್ಟೇ ಬಿಚ್ಚಲಿಲ್ವಲ್ಲಮ್ಮ ಡಾಕ್ಟ್ರು. ಪಾದದಲ್ಲಿ ರಕ್ತ ಓಡ್ತದೆ ಅಂತ ಹೆಂಗೆ ಬರೆದ್ರು?"

ಹಲಸೂರಿನ ಸ್ಕ್ಯಾನಿಂಗ್ ಸೆಂಟರಿನ ಕೌಂಟರಿನ ಮುಂದೆ ಅಮೃತಮ್ಮ ರಿಪೋರ್ಟು ಹಿಡಿದು ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ಸರದಿಗೆ ಕಾದಿದ್ದ ಜಹನಾರಾ ಎಂಬ ಹೆಂಗಸು ಆಗಷ್ಟೇ ಓದಿ ಹೇಳಿದ್ದಳು: "ತೊಡೆಯಿಂದ ಪಾದದ ತನಕ ಎಲ್ಲಾ ನಾರ್ಮಲ್ ಅಂತ ಬರ್ದವ್ರೆ ಅಮ್ಮಾ. ಖುಷಿ ಪಡಿ."

ಕೌಂಟರಿನಲ್ಲಿದ್ದ ಶ್ವೇತ ತಲೆಯೆತ್ತಲಿಲ್ಲ. "ಡಾಕ್ಟ್ರು ಸೈನ್ ಮಾಡಿದಾರಲ್ವಾ ಆಂಟಿ. ನೆಕ್ಸ್ಟ್ ಯಾರು?"

ಅಮೃತಮ್ಮನ ಗಂಡ, ಸಕ್ಕರೆ ಕಾಯಿಲೆಯ ಚಿಕ್ಕವೆಂಕಟಪ್ಪನವರ ಬಲಗಾಲಿನ ಹೆಬ್ಬೆರಳು ಕಪ್ಪಾಗಿ ಮೂರು ವಾರವಾಗಿತ್ತು. ಪಾದಕ್ಕೆ ರಕ್ತ ಇಳಿಯುತ್ತಿದ್ದರೆ ಔಷಧಿ ಸಾಕು, ಇಳಿಯದಿದ್ದರೆ ಕಟ್ಟಿಕೊಂಡ ರಕ್ತನಾಳವನ್ನು ಕೂಡಲೇ ಬಿಡಿಸಬೇಕು, ತಡವಾದರೆ ಕಾಲೇ ಹೋಗುತ್ತದೆ ಎಂದು ದೊಡ್ಡಾಸ್ಪತ್ರೆಯವರು ಈ ಸ್ಕ್ಯಾನಿಗೆ ಕಳಿಸಿದ್ದರು.

"ಒಳ್ಳೇ ಸುದ್ದಿ ಕೊಟ್ರೂ ಜಗಳಾನಾ ನಿಂದು?" ಗಾಲಿಕುರ್ಚಿಯಿಂದ ಗಂಡ ಗದರಿದರು. "ಓದ್ದೋರಿಗಿಂತ ನಿಂಗೇ ಜಾಸ್ತಿ ಗೊತ್ತಾ? ಆಟೋ ಕರಿ."

"ಕಣ್ಣಾರೆ ನೋಡಿದ್ದೀನಿ. ತೊಡೆಗೆ, ಮಂಡಿ ಹಿಂದೆ ಜೆಲ್ಲು ಬಳಿದು ನೋಡಿದ್ರು. ಪರದೆ ಮೇಲೆ ಕೆಂಪು, ನೀಲಿ ಓಡ್ತು. ಕಟ್ಟಿನ ಹತ್ರ ಬಂದೇಟಿಗೆ ವಾಸನೆಗೆ ಮುಖ ತಿರುಗಿಸಿ, ಸಾಕು ಏಳಿ ಅಂದ್ರು." ಅಮೃತಮ್ಮನ ದನಿ ಏರಲಿಲ್ಲ. ಕಾಗದ ಮಾತ್ರ ಮುಷ್ಟಿಯಲ್ಲಿ ಮುದುಡುತ್ತಿತ್ತು.

"ಎಲ್ಲಾರ ರಿಪೋರ್ಟಲ್ಲೂ ಮೊದ್ಲೇ ನಾರ್ಮಲ್ ಅಂತ ಟೈಪ್ ಆಗಿರುತ್ತೆ ಆಂಟಿ. ಡಾಕ್ಟ್ರು ಹೇಳಿದ್ರೆ ಚೇಂಜ್ ಮಾಡ್ತೀವಿ..." ಎಂದ ಶ್ವೇತ ಅಲ್ಲಿಗೇ ತುಟಿ ಕಚ್ಚಿಕೊಂಡಳು.

ಅಮೃತಮ್ಮ ಗಂಡನತ್ತ ತಿರುಗಿದರು. "ಕೇಳಿಸ್ತಾ? ನಮ್ಮ ಸೊಪ್ಪಿನ ತೋಟದಲ್ಲಿ, ಬಾವಿ ಹತ್ರಾನೇ ನಿಂತ್ಕೊಂಡು ಕೊನೇ ಪಾತಿಗೆ ನೀರು ಬಂತು ಅಂದ ಆಳನ್ನ ನೀನು ಏನು ಮಾಡ್ತಿದ್ದೆ?"

ಕಗ್ಗದಾಸಪುರದ ಆ ತೋಟದ ಮೇಲೆ ಅಪಾರ್ಟ್‌ಮೆಂಟ್ ಎದ್ದು ಇಪ್ಪತ್ತು ವರ್ಷ. ಕೊನೆಯ ಪಾತಿಯವರೆಗೂ ನಡೆದು, ಮಣ್ಣಿಗೆ ಬೆರಳಿಟ್ಟು ನೋಡದೆ ಚಿಕ್ಕವೆಂಕಟಪ್ಪ ಊಟಕ್ಕೆ ಕೂತವರಲ್ಲ. ಈಗ ಅವರು ಕಾಲೆತ್ತಿ ಮುಂದಿನ ಕುರ್ಚಿಯ ಮೇಲಿಟ್ಟು, ಕಟ್ಟಿನ ತುದಿ ಹುಡುಕಿ ಬಿಚ್ಚತೊಡಗಿದರು.

"ಅಯ್ಯೋ, ಇಲ್ಲಿ ಬಿಚ್ಬೇಡಿ ಅಂಕಲ್!"

"ಒಳಗೆ ಬಿಚ್ಚಲಿಲ್ವಲ್ಲ ಮಗಳೇ."

ವಾಸನೆಗೆ ಜನ ಎದ್ದು ದೂರ ಸರಿದರು. ಜಹನಾರಾ ಮಾತ್ರ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, ಕುರ್ಚಿ ಜಾರದಂತೆ ಹಿಡಿದಳು. ಗದ್ದಲಕ್ಕೆ, ಸ್ಕ್ಯಾನ್ ಮಾಡಿದ್ದ ಡಾಕ್ಟರ್ ಪ್ರೇಮ್‌ಕುಮಾರ್ ಹೊರಗೆ ಬಂದರು. "ಏನ್ರೀ ಇದು? ಬೇರೆ ಪೇಶೆಂಟ್ಸ್ ಇದಾರೆ ಇಲ್ಲಿ."

"ಇವ್ರೂ ಪೇಶೆಂಟೇ ಸ್ವಾಮಿ." ಅಮೃತಮ್ಮ ಮುದುಡಿದ ಕಾಗದವನ್ನು ಅವರ ಎದೆಯ ಮಟ್ಟಕ್ಕೆ ಚಾಚಿದರು. "ಇದ್ರಲ್ಲಿ ಬರೆದಿರೋದನ್ನ ಈ ಪಾದದಲ್ಲಿ ತೋರ್ಸಿ. ತೋರ್ಸಿದ್ರೆ ನಿಮ್ಮ ಕಾಲಿಗೆ ಬಿದ್ದು ಹೋಗ್ತೀನಿ. ಇಲ್ದಿದ್ರೆ ಇದನ್ನ ಹರಿದುಹಾಕಿ, ನೋಡಿದ್ದನ್ನ ಬರೀರಿ."

ಡಾಕ್ಟರು ಸುತ್ತ ನೋಡಿದರು. ಯಾರೂ ಫೋನು ನೋಡುತ್ತಿರಲಿಲ್ಲ; ಎಲ್ಲರ ಕಣ್ಣೂ ಅವರ ಮೇಲೆಯೇ ಇತ್ತು.

ಒಳಗೆ, ಕಣಕಾಲಿಗೂ ಪಾದಕ್ಕೂ ಜೆಲ್ ಬಿತ್ತು. ಡಾಕ್ಟರು ಯಂತ್ರದ ಹಿಡಿಯನ್ನು ಕಣಕಾಲಿನ ಒಳಬದಿಗಿಟ್ಟರು, ಪಾದದ ಮೇಲಿಟ್ಟರು, ಒತ್ತಿದರು, ಗುಂಡಿ ತಿರುಗಿಸಿ ಮತ್ತೆ ಒತ್ತಿದರು. ಪರದೆ ಬೂದಿಯ ಬಣ್ಣದಲ್ಲೇ ಉಳಿಯಿತು. ಅವರು ಕೈ ಒರೆಸಿಕೊಂಡು, ದೊಡ್ಡಾಸ್ಪತ್ರೆಗೆ ತಾವೇ ಫೋನ್ ಮಾಡಿದರು. "ಪಾದಕ್ಕೆ ರಕ್ತ ಇಳೀತಿಲ್ಲ. ಇವತ್ತೇ ಆಂಜಿಯೋ ಮಾಡಿ ರಕ್ತನಾಳ ಬಿಡಿಸ್ಬೇಕು. ಈಗ್ಲೇ ಕಳಿಸ್ತಿದ್ದೀನಿ."

ಅಮೃತಮ್ಮ ಗಂಡನ ಹಿಮ್ಮಡಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದಿದ್ದರು. ತಣ್ಣನೆಯ ಜೆಲ್ಲು ಪಾದದಿಂದ ಜಾರಿ, ಅವರ ಮಣಿಕಟ್ಟಿಗಿಳಿದು, ಬಳೆಗಳ ನಡುವೆ ನಿಂತಿತು. ಅವರು ಒರೆಸಿಕೊಳ್ಳಲಿಲ್ಲ.