ತಂಗಿಗೆ ತಡವಾಗಿ ಹೇಳಿದ ಮಾತು

ಪ್ರಣೀತಾ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಉಡುಪಿ ಕಡೆಯಿಂದ ಬಂದು ಹೋಟೆಲು ನಡೆಸಿದ ಮನೆತನ ಅವರದು. ಓದು ಮುಗಿಸಿ ಅವಳು ನವಿ ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಸಂಶೋಧನೆಗೆ ಸೇರಿದ್ದಳು. ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಪಿ53 ಎಂಬ ಪ್ರೋಟೀನೇ ಅವಳ ವಿಷಯ.

ಅದೇ ಪಿ53ರ ಜೀನಿನಲ್ಲಿ ತನ್ನ ತಾಯಿಗೇ ದೋಷವಿದೆ ಎಂದು ಅವಳಿಗೆ ಗೊತ್ತಾದದ್ದು, ತಾಯಿ ಪ್ರಫುಲ್ಲಾಗೆ ಸ್ತನದ ಕ್ಯಾನ್ಸರ್ ಆಪರೇಷನ್ ಆದಾಗ. ಪ್ರಫುಲ್ಲಾಳ ಅಣ್ಣ ವಸಂತಕುಮಾರ ಹರೆಯದಲ್ಲೇ ಮೂಳೆಯ ಕ್ಯಾನ್ಸರಿನಿಂದ ತೀರಿಹೋಗಿದ್ದ. ಡಾಕ್ಟರಿಗೆ ಅನುಮಾನ ಬಂದು ಪರೀಕ್ಷೆ ಮಾಡಿಸಿದ್ದರು.

"ಇದು ವಂಶದಲ್ಲಿ ಇಳಿದು ಬರುವಂಥದ್ದು. ನಿಮ್ಮ ತಂಗಿಗೂ ಅವರ ಮಕ್ಕಳಿಗೂ ತಿಳಿಸಿಬಿಡಿ," ಎಂದರು.

ಪ್ರಫುಲ್ಲಾಳ ತಂಗಿ ಜಯಲತಾ ಇದ್ದದ್ದು ಪಕ್ಕದ ಕಲ್ಯಾಣದಲ್ಲಿ. ಅವಳ ಮಗಳು ಪೂಜಿತಾಳಿಗೆ ಆಗಷ್ಟೇ ಪೃಥ್ವಿರಾಜ್ ಎಂಬವನ ಜೊತೆ ಮದುವೆ ಮಾತು ನಡೆದಿತ್ತು.

"ಈಗ ಹೇಳುವುದು ಬೇಡ ಮಗಾ," ಎಂದಳು ಪ್ರಫುಲ್ಲಾ. "ಅವಳ ಮದುವೆ ಒಂದು ಆಗ್ಲಿ. ಮತ್ತೆ ಹೇಳುವ."

ಪ್ರಣೀತಾ ಒಪ್ಪಿಕೊಂಡಳು. ಆದರೆ ತಾನು ಮಾತ್ರ ಯಾರಿಗೂ ಹೇಳದೆ ಥಾಣೆಯ ಲ್ಯಾಬೊಂದಕ್ಕೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಅವಳಿಗೆ ದೋಷ ಇರಲಿಲ್ಲ. ಫಲಿತಾಂಶ ತಿಳಿದ ದಿನ ಸ್ಟೇಷನ್ನಿನಲ್ಲಿ ವಡಾ ಪಾವ್ ತಿಂದು, ಎರಡು ಲೋಕಲ್ ರೈಲು ಬಿಟ್ಟು, ಸುಮ್ಮನೆ ಬೆಂಚಿನ ಮೇಲೆ ಕೂತು ಸಂತೋಷಪಟ್ಟಳು. ಆ ಹೊತ್ತಿನಲ್ಲಿ ಪೂಜಿತಾಳ ನೆನಪು ಒಮ್ಮೆಯೂ ಬರಲಿಲ್ಲ. ಮುಂದೆ ಪ್ರಣೀತಾಳನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿದ್ದು ಇದೇ.

ತಿಂಗಳುಗಳು ಕಳೆದವು. ಕನ್ನಡ ಸಂಘದ ಮಹಿಳೆಯರು ಕ್ಯಾನ್ಸರ್ ಬಗ್ಗೆ ಮಾತಾಡಲು ಅವಳನ್ನು ಕರೆದರು. ಪ್ರಣೀತಾ ಚೆನ್ನಾಗಿಯೇ ಮಾತಾಡಿದಳು. "ಪ್ರೋಟೀನುಗಳು ಸರಿಯಾದ ಆಕಾರಕ್ಕೆ ಬರಲು ನೆರವಾಗುವ ಬೇರೆ ಪ್ರೋಟೀನುಗಳಿವೆ. ಚಾಪರೋನ್ ಅಂತ ಹೆಸರು. ಕೆಟ್ಟ ಪಿ53 ಹುಟ್ಟಿದರೆ ಜೀವಕೋಶ ಅದನ್ನು ಒಡೆದು ಹಾಕಬೇಕು. ಆದರೆ ಗಡ್ಡೆಯೊಳಗೆ ಈ ಚಾಪರೋನುಗಳೇ ಅದನ್ನು ಅಪ್ಪಿ ಹಿಡಿದು ಕಾಪಾಡುತ್ತವೆ. ಆ ಹಿಡಿತ ಬಿಡಿಸುವ ದಾರಿ ಹುಡುಕುವುದು ನಮ್ಮ ಕೆಲಸ."

ಮಾತು ಮುಗಿದ ಮೇಲೆ ಮುಂದಿನ ಸಾಲಿನಿಂದ ಪೂಜಿತಾ ಎದ್ದು ನಿಂತಳು. ಪಕ್ಕದಲ್ಲಿ ಪೃಥ್ವಿರಾಜನ ತಾಯಿ ಸತ್ಯಭಾಮಾ ಕೂತಿದ್ದರು.

"ಅಕ್ಕ, ನಮ್ಮ ಫ್ಯಾಮಿಲಿಯಲ್ಲಿ ಮಾಮನಿಗೆ ಆಗಿತ್ತು, ಈಗ ದೊಡ್ಡಮ್ಮನಿಗೂ ಆಯ್ತು. ತೋ ನಾನು ಟೆಸ್ಟ್ ಮಾಡಿಸ್ಬೇಕಾ?"

ಹಿಂದಿನ ಸಾಲಿನಲ್ಲಿದ್ದ ಪ್ರಫುಲ್ಲಾ ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ಪ್ರಣೀತಾ ಅದನ್ನು ನೋಡಿದಳು.

"ಹಾಗೆಲ್ಲ ಹೆದರ್ಬೇಡ. ಹೆಚ್ಚಿನ ಕ್ಯಾನ್ಸರ್ ವಂಶದಿಂದ ಬರುವುದಲ್ಲ," ಎಂದಳು.

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸಭೆ ಚಪ್ಪಾಳೆ ತಟ್ಟಿತು. ಪೂಜಿತಾ ನಗುತ್ತಾ ಕೂತಳು. ಸಂಘದವರು ಹೊದಿಸಿದ ಶಾಲಿನೊಳಗೆ ಪ್ರಣೀತಾಳ ಮೈ ಬೆವರಿತು.

ಮುಂದಿನ ಭಾನುವಾರ ಬೆಳಿಗ್ಗೆ ತಾಯಿಗೆ ಹೇಳದೆ ಅವಳು ಕಲ್ಯಾಣಕ್ಕೆ ಹೋದಳು. ಚಿಕ್ಕಮ್ಮ, ತಂಗಿ ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿದಳು. ಪೂಜಿತಾ ಕೇಳಿದಳು:

"ನಿಂಗೆ ಯಾವಾಗಿಂದ ಗೊತ್ತು?"

"ಅಮ್ಮನ ಆಪರೇಷನ್ ಆದಾಗಿಂದ."

"ನೀನು ಟೆಸ್ಟ್ ಮಾಡಿಸಿದ್ಯಾ?"

"ಹೂಂ. ನಂಗೆ ಇಲ್ಲ."

"ಮತ್ಲಬ್, ನೀನು ಬಚಾವ್. ಅದಕ್ಕೇ ಅಲ್ಲಿ ಅಷ್ಟು ಆರಾಮಾಗಿ ಹೇಳಿದ್ದು."

"ನಿನ್ನ ಮದುವೆ ತಪ್ಪಬಾರದು ಅಂತ..."

"ಮದುವೆ ನಂದು, ಜೀವ ನಂದು. ನನ್ನನ್ನೊಂದು ಕೇಳ್ಬೇಕಿತ್ತಲ್ವಾ ಅಕ್ಕ?"

ಜಯಲತಾ ಒಳಗೆ ಹೋಗಿ ಚಾ ಮಾಡಿ ತಂದು ಪ್ರಣೀತಾಳ ಮುಂದಿಟ್ಟಳು. ಬೈದಿದ್ದರೆ ಎಷ್ಟೋ ವಾಸಿ ಎಂದು ಅವಳಿಗೆ ಅನ್ನಿಸಿತು.

ಪರೀಕ್ಷೆಯಲ್ಲಿ ಜಯಲತಾ, ಪೂಜಿತಾ ಇಬ್ಬರಿಗೂ ದೋಷವಿರುವುದು ತಿಳಿಯಿತು. ಪೂಜಿತಾಳ ಸ್ಕ್ಯಾನಿನಲ್ಲಿ ಸಣ್ಣದೊಂದು ಕ್ಯಾನ್ಸರ್ ಗಡ್ಡೆಯೂ ಕಂಡಿತು. ಆಪರೇಷನ್ ಮಾಡಿ ತೆಗೆದರು. ಮೊದಲೇ ಬಂದಿದ್ದರೆ ಇನ್ನೂ ಸಣ್ಣದಿರುವಾಗಲೇ ಸಿಗುತ್ತಿತ್ತೇ ಎಂದು ಪ್ರಣೀತಾ ಡಾಕ್ಟರನ್ನು ಕೇಳಿದಳು. "ಇರಬಹುದು," ಎಂದರು ಅವರು.

ಪೃಥ್ವಿರಾಜನಿಗೆ ಪೂಜಿತಾ ತಾನೇ ಎಲ್ಲವನ್ನೂ ಹೇಳಿದಳು. ಅವನು ಹಿಂದೆ ಸರಿಯಲಿಲ್ಲ. ಸತ್ಯಭಾಮಾ ಕೆಲವು ವಾರ ಮಾತು ಬಿಟ್ಟು, ಕೊನೆಗೆ ಆಸ್ಪತ್ರೆಗೆ ಗಂಜಿ ತಂದರು. ಮದುವೆ ಮರುವರ್ಷ ನಡೆಯಿತು.

ಅಲ್ಲಿ ಊಟದ ಹೊತ್ತಿಗೆ ಸತ್ಯಭಾಮಾ ಪ್ರಣೀತಾಳ ಕೈಹಿಡಿದು ತಮ್ಮ ನೆಂಟರ ಮುಂದೆ ನಿಲ್ಲಿಸಿದರು. "ಇವಳು ಇದ್ದದ್ದಕ್ಕೆ ನಮ್ಮ ಸೊಸೆ ಉಳಿದದ್ದು."

"ಇಲ್ಲ ಆಂಟಿ. ಗೊತ್ತಿದ್ದೂ ನಾನು ತಡ ಮಾಡಿದ್ದು," ಎಂದಳು ಪ್ರಣೀತಾ.

"ಎಷ್ಟು ಕಲಿತರೂ ಒಂಚೂರು ಅಹಂಕಾರ ಇಲ್ಲ ನೋಡಿ," ಎಂದರು ಯಾರೋ.

ಎರಡು ಹೆಜ್ಜೆ ಆಚೆ ಮದುಮಗಳು ನಿಂತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಪ್ರಣೀತಾಳನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಬಂದವರನ್ನು ಊಟಕ್ಕೆ ಕರೆಯತೊಡಗಿದಳು.