ಬದಲಿ ದಿನ

"ನಮ್ಮಪ್ಪನ ಜೊತೆ ಕಳಿಸಿದ್ರಾ?" ಹುರುಳಿಕಾಯಿ ಹೆಚ್ಚುತ್ತಿದ್ದ ಹುಡುಗಿಯ ಕೈ ನಿಂತಿತು. "ಕಾರಲ್ಲಾ? ನಿಮ್ಮ ಮಗಳೊಬ್ಬಳನ್ನೇ?"

"ಹೂಂ. ಪೇಟೆಗೆ ಹೋಗಿ ಬ್ರೆಡ್ಡು ತರೋದು ಅವರಿಬ್ಬರ ಕೆಲಸ, ತರಕಾರಿ ಹೆಚ್ಚೋದು ನಮ್ಮಿಬ್ಬರದು. ಅವರೇ ಪುಣ್ಯವಂತರು ನೋಡು, ಆರಾಮಾಗಿ ತಿರುಗಾಡ್ಕೊಂಡು ಬರ್ತಾರೆ."

ಹುಡುಗಿ ನಗಲಿಲ್ಲ. ಚಾಕುವನ್ನು ಹಲಗೆಯ ಮೇಲಿಟ್ಟು, ಕೈಯನ್ನು ಸಮವಸ್ತ್ರಕ್ಕೆ ಒರೆಸಿಕೊಂಡು ಅಡುಗೆಮನೆಯ ಬಾಗಿಲ ಕಡೆ ನೋಡಿದಳು.

ಜೊತೆಗೆ ಕೂತು ತರಕಾರಿ ಹೆಚ್ಚುತ್ತಿದ್ದ ಹೆಂಗಸಿಗೆ ಈ ಹುಡುಗಿ ಸ್ವಂತ ಮಗಳಲ್ಲ, ಇವತ್ತೊಂದು ದಿನದ ಮಟ್ಟಿಗೆ ಮಗಳು. ಆ ವಸತಿ ಶಾಲೆಯಲ್ಲಿ ಪಾಠಕ್ಕಿಂತ ನಡತೆಗೆ ಹೆಚ್ಚು ಬೆಲೆ. "ನಾವು ಮಕ್ಕಳನ್ನಷ್ಟೇ ಸೇರಿಸಿಕೊಳ್ಳೋದಿಲ್ಲ, ಮನೆಯನ್ನೇ ಸೇರಿಸಿಕೊಳ್ತೀವಿ" ಎಂದು ದೊಡ್ಡ ಮೇಡಂ ಮೊದಲ ದಿನವೇ ಹೇಳಿದ್ದರು. ಅದನ್ನು ಬಾಯುಪಚಾರದ ಮಾತು ಎಂದುಕೊಂಡವರಿಗೆಲ್ಲ ಆಮೇಲೆ ಬಿಸಿ ಮುಟ್ಟಿತ್ತು. ರಜೆಗೆ ಮಕ್ಕಳನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರಿಗೆ ಪ್ರತಿ ಸಲವೂ ಕುಟುಂಬ ಶಿಬಿರ. ಅದರ ಕೊನೆಗೆ ಬದಲಿ ದಿನ: ನಿಮ್ಮ ಮಗು ಇನ್ನೊಬ್ಬರ ಕೈಗೆ, ಇನ್ನೊಬ್ಬರ ಮಗು ನಿಮ್ಮ ಕೈಗೆ. ಸ್ವಂತ ಮಕ್ಕಳ ವಿಷಯದಲ್ಲಿ ಹೆತ್ತವರ ಕಣ್ಣಿಗೆ ಪೊರೆ ಬಂದಿರುತ್ತದಂತೆ, ಪರರ ಮಕ್ಕಳು ಮಾತ್ರ ನಿಚ್ಚಳವಾಗಿ ಕಾಣುತ್ತಾರಂತೆ. ಸಂಜೆ ಎಲ್ಲರೂ ದುಂಡಗೆ ಕೂತು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಅದಕ್ಕೆ ಯಾರೂ ವಾದ ಮಾಡಕೂಡದು, "ಕೇಳಿದೆವು" ಎಂದಷ್ಟೇ ಅನ್ನಬೇಕು. ಅಲ್ಲಿಯವರೆಗೆ ಎಲ್ಲರ ಫೋನೂ ಕಚೇರಿಯ ಬೀರುವಿನಲ್ಲಿ.

ಅವಳ ಪಾಲಿಗೆ ಬಂದದ್ದು ಗುತ್ತಿಗೆದಾರನ ಮಗಳು. ಅವಳ ಮಗಳು ಹೋದದ್ದು ಗುತ್ತಿಗೆದಾರನ ಜೊತೆ. ಬೆಳಿಗ್ಗೆ ಅದನ್ನು ಕೇಳಿ ಅವಳು ಒಳಗೊಳಗೇ ಹಿಗ್ಗಿದ್ದಳು. ಸೇತುವೆ ಕಟ್ಟಿಸುವ ಆ ಮನುಷ್ಯ ಎಲ್ಲರಿಗೂ ಬೇಕಾದವನು. ಹೊಸಬರಿಗೆ ಧೈರ್ಯ ಹೇಳುವ ಕೆಲಸವನ್ನು ಶಾಲೆಯೇ ಅವನಿಗೆ ವಹಿಸಿತ್ತು. ಮಗಳನ್ನು ಸೇರಿಸಿದ ದಿನ ಗೇಟಿನ ಹತ್ತಿರ ಅಳುತ್ತ ನಿಂತಿದ್ದ ಅವಳನ್ನು, "ಅಕ್ಕಾ, ಬಿಟ್ಟು ಹೋಗ್ತಿರೋದು ಶಾಲೆಗೆ, ಜೈಲಿಗಲ್ಲ. ಊಟ ಮಾತ್ರ ಎರಡು ಕಡೆನೂ ಒಂದೇ" ಎಂದು ನಗಿಸಿದವನು ಅವನೇ. ಅವನ ಹೆಂಡತಿಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಯಾವಾಗ ಕೇಳಿದರೂ ಆಕೆಗೆ ಮೈ ಹುಷಾರಿಲ್ಲ.

"ನಿಮ್ಮ ಮಗಳು ಸಾರಿ ಕೇಳ್ತಾಳಾ ಆಂಟಿ?" ಎಂದಳು ಹುಡುಗಿ.

ಅವಳಿಗೆ ನಗು ಬಂತು. ಕೇಳುವ ಹಾಗಿದ್ದರೆ ಈ ಶಾಲೆಯ ಮೆಟ್ಟಿಲು ಹತ್ತುವ ಗತಿ ಯಾಕೆ ಬರುತ್ತಿತ್ತು? ಮೊದಲಿನ ಶಾಲೆಯಲ್ಲಿ ನಕಲು ಮಾಡಿದ್ದೀಯ ಎಂದು ಮೇಷ್ಟರು ಎಲ್ಲರೆದುರು ನಿಲ್ಲಿಸಿದಾಗ, ಮಾಡಿಲ್ಲ ಎಂದಳು ಮಗಳು. ಹೋಗಲಿ, ಕ್ಷಮೆ ಕೇಳು, ಇಲ್ಲಿಗೆ ಬಿಡೋಣ ಎಂದರು. ಮಾಡದ ತಪ್ಪಿಗೆ ಕೇಳುವುದಿಲ್ಲ ಎಂದಳು. ಹೊರಗೆ ಹಾಕಿದರು. ಅದರ ಮುಂದಿನ ಶಾಲೆಯಲ್ಲೂ ಇದೇ ಹಾಡು. "ಒಂದು ಮಾತು ಅಂದುಬಿಟ್ರೆ ಬಾಯಿಂದ ಮುತ್ತು ಉದುರಿ ಹೋಗುತ್ತೇನೇ?" ಎಂದು ತಾಯಿ ಬೈದರೆ ಮಗಳು ತಿರುಗಿಬಿದ್ದಿದ್ದಳು: "ನೀನು ಸಂಬಳಕ್ಕೆ ಸಾರಿ ಹೇಳ್ತೀಯ. ನಂಗ್ಯಾರು ಸಂಬಳ ಕೊಡ್ತಾರೆ?" ಮಾತೇನೂ ಸುಳ್ಳಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನೆತ್ತುವುದು ತಾಯಿಯ ಕೆಲಸ. ತಾನು ಒಡೆಯದ ಪೈಪಿಗೆ, ತಾನು ನಿಲ್ಲಿಸದ ನೀರಿಗೆ ದಿನವಿಡೀ ಕ್ಷಮೆ ಕೇಳಿ ಕೇಳಿ ಅವಳಿಗೆ ಆ ಪದ ಸಪ್ಪೆಯಾಗಿಹೋಗಿತ್ತು.

"ಇಲ್ಲಮ್ಮ, ಕತ್ತು ಕುಯ್ದರೂ ಕೇಳಲ್ಲ" ಎಂದಳು.

ಹುಡುಗಿ ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ಎಳೆದಳು. "ಅಪ್ಪ ಹೊಡೆಯಲ್ಲ ಆಂಟಿ. ಇವತ್ತಿನವರೆಗೂ ಒಂದೇಟು ಹೊಡೆದಿಲ್ಲ. ಕಾರಲ್ಲಿ ಎದುರು ಮಾತಾಡಿದ್ರೆ ಸುಮ್ನಾಗಿಬಿಡ್ತಾರೆ. ಆಮೇಲೆ ಸ್ಪೀಡ್ ಜಾಸ್ತಿ ಮಾಡ್ತಾ ಹೋಗ್ತಾರೆ. ಎದುರಿಗೆ ಲಾರಿ ಬರ್ಲಿ, ತಿರುವು ಬರ್ಲಿ, ಸಾರಿ ಅನ್ನೋವರೆಗೂ ಕಾಲು ತೆಗೆಯಲ್ಲ. ಮೆಲ್ಲಗೆ ಅಂದ್ರೆ ಸಾಲಲ್ಲ. ಕಿರುಚಬೇಕು."

"ನಿಮ್ಮಮ್ಮ ಏನೂ ಅನ್ನಲ್ವಾ?"

"ಅಮ್ಮ ಒಂದ್ಸಲ ಬಾಗಿಲು ತೆಗೆದುಬಿಟ್ಳು. ಓಡೋ ಕಾರಲ್ಲೇ. ಆಗಿಂದ ನಡೆಯೋಕಾಗಲ್ಲ, ಮನೇಲೇ ಇರ್ತಾಳೆ." ನಾಳೆ ಯಾವ ಪರೀಕ್ಷೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು ಹುಡುಗಿ. ಹೇಳಿಯಾದ ಮೇಲೆ ಗಾಬರಿಯಾಗಿ ಅವಳ ಮುಂಗೈ ಹಿಡಿದುಕೊಂಡಳು. "ಯಾರಿಗೂ ಹೇಳ್ಬೇಡಿ. ಸಂಜೆ ನಾನು ಅದೇ ಕಾರಲ್ಲಿ ಮನೆಗೆ ಹೋಗ್ಬೇಕು."

ತಾಯಿ ಒಲೆಯ ಮೇಲಿದ್ದುದನ್ನು ಅಲ್ಲೇ ಬಿಟ್ಟು ಕಚೇರಿಗೆ ಓಡಿದಳು. ದೊಡ್ಡ ಮೇಡಂ ಸಂಜೆಯ ಸಭೆಗೆ ಕುರ್ಚಿ ಹಾಕಿಸುತ್ತಿದ್ದರು.

"ಮೇಡಂ, ಅವರಿಗೊಂದು ಫೋನ್ ಮಾಡಿ. ನನ್ನ ಮಗಳನ್ನ ಕರ್ಕೊಂಡು ಹೋಗಿದಾರಲ್ಲ, ಅವರಿಗೆ."

"ಅವರ ಫೋನೂ ಬೀರುವಿನಲ್ಲೇ ಇದೆಯಲ್ಲಮ್ಮ, ನಿಮ್ಮದರ ಪಕ್ಕದಲ್ಲೇ."

"ಹಾಗಾದ್ರೆ ಯಾರನ್ನಾದ್ರೂ ಹಿಂದೆ ಕಳಿಸಿ. ಅವರು ಕಾರು ಓಡಿಸೋದು ಸರಿಯಿಲ್ಲ."

"ಹಾಗಂತ ಯಾರು ಹೇಳಿದ್ರು?"

ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. "ನಂಗೆ ಹಾಗನ್ನಿಸ್ತು" ಎಂದಳು.

ಮೇಡಂ ಅವಳ ಬೆನ್ನು ಸವರಿದರು. ಕೆಟ್ಟ ಹೆಂಗಸಲ್ಲ ಆಕೆ. ಕೆಟ್ಟವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಮಗಳನ್ನ ಒಂದು ದಿನ ಬೇರೆಯವರ ಕೈಗೆ ಕೊಡೋಕಾಗದೆ ಒದ್ದಾಡ್ತಿದ್ದೀರಿ ನೋಡಿ, ಇದನ್ನೇ ಸಂಜೆ ಎಲ್ಲರ ಮುಂದೆ ಹೇಳಿ. ಎಷ್ಟು ಹಗುರಾಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ."

ಅವಳು ಗೇಟಿನ ಹತ್ತಿರ ಹೋಗಿ ನಿಂತಳು. ಶಾಲೆಯಿಂದ ಇಳಿಯುವ ರಸ್ತೆ ಸ್ವಲ್ಪ ದೂರ ನೆಟ್ಟಗಿದ್ದು, ನೀಲಗಿರಿ ಮರಗಳ ಹಿಂದೆ ತಿರುಗಿ ಕಾಣದಾಗುತ್ತಿತ್ತು. ಬಸ್ಸೊಂದು ಬಂತು, ಸೌದೆ ಹೇರಿಕೊಂಡ ಟ್ರ್ಯಾಕ್ಟರ್ ಬಂತು. ಮಗಳ ಮೊಂಡುತನ ಅವಳಿಗೆ ಅಂಗೈಯಷ್ಟೇ ಪರಿಚಿತ. ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಎದುರಿಗಿರುವವರು ಬೇಸತ್ತು ಎದ್ದು ಹೋಗುವವರೆಗೆ ಕೂತಿರುತ್ತಾಳೆ. ಎದ್ದು ಹೋಗಲಾರದ ಜಾಗದಲ್ಲಿ ಈಗ ಕೂತಿದ್ದಾಳೆ. ಮಗಳು ಸೋಲಲಿ ಎಂದು ತಾಯಿ ಅಷ್ಟು ಮನಸಾರೆ ಎಂದೂ ಬೇಡಿಕೊಂಡಿರಲಿಲ್ಲ.

ಕಾರು ಬಂದಾಗ ನಿಧಾನವಾಗಿಯೇ ಬಂತು. ಗುತ್ತಿಗೆದಾರ ಇಳಿದು, ಸುತ್ತಿ ಬಂದು, ಆ ಬದಿಯ ಬಾಗಿಲನ್ನು ತಾನೇ ತೆಗೆದ. ಮಗಳು ಬ್ರೆಡ್ಡಿನ ಪೊಟ್ಟಣಗಳನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. "ನೋಡಿ ಅಕ್ಕಾ, ಬ್ರೆಡ್ಡನ್ನೆಲ್ಲ ಅಪ್ಪಚ್ಚಿ ಮಾಡಿಬಿಟ್ಟಿದ್ದಾಳೆ" ಎಂದು ಅವನು ನಕ್ಕ. "ಆದ್ರೂ ಬಂಗಾರದಂಥ ಮಗು. ಯಾರ್ಯಾರೋ ಏನೇನೋ ಹೇಳಿದ್ರು. ಹೇಳಿಕೊಟ್ರೆ ಎಲ್ಲ ಕಲೀತಾಳೆ."

ಮೈಯಲ್ಲಿ ಒಂದು ಗೀರೂ ಇರಲಿಲ್ಲ. ತಾಯಿ ತಲೆಯಿಂದ ಕಾಲಿನವರೆಗೆ ಸವರಿ ನೋಡಿದಳು. ಕೈ ಮಾತ್ರ ತಣ್ಣಗಿತ್ತು, ಕೆನ್ನೆಯ ಮೇಲೆ ಉಪ್ಪು ಒಣಗಿತ್ತು.

"ಸಾರಿ ಅಮ್ಮ" ಎಂದಳು ಮಗಳು.

"ಯಾಕೆ ಕಂದಾ?"

"ಬ್ರೆಡ್ಡು ಹಾಳಾಯ್ತು. ಸಾರಿ."

ಅಡುಗೆಮನೆಯಲ್ಲಿ ಅಡುಗೆಯವರಿಗೂ ಹೇಳಿದಳು. ದಾರಿಯಲ್ಲಿ ಒಬ್ಬಳು ಚಿಕ್ಕ ಹುಡುಗಿ ಓಡಿ ಬಂದು ಇವಳಿಗೇ ಡಿಕ್ಕಿ ಹೊಡೆದಳು, ಅವಳಿಗೂ ಹೇಳಿದಳು. ತಾಯಿ ನೀರು ಕೊಟ್ಟಾಗ ಹೇಳಿದಳು, ಲೋಟ ವಾಪಸು ಕೊಡುವಾಗ ಮತ್ತೆ ಹೇಳಿದಳು. ಎಷ್ಟು ವರ್ಷ ಈ ಒಂದು ಮಾತಿಗಾಗಿ ತಾಯಿ ಬಾಯಿ ಬಡಿದುಕೊಂಡಿರಲಿಲ್ಲ! ಈಗ ಅದು ಕಿವಿಗೆ ಬಿದ್ದಾಗಲೆಲ್ಲ ಆ ಗಂಟಿಕ್ಕಿದ ಹುಬ್ಬನ್ನು ಯಾರಾದರೂ ವಾಪಸು ಕೊಟ್ಟರೆ ಸಾಕು ಎನ್ನಿಸುತ್ತಿತ್ತು.

ಸಂಜೆಯ ಸಭೆಯಲ್ಲಿ ಗುತ್ತಿಗೆದಾರ ಮೊದಲು ಎದ್ದ. ತಾನು ಕಂಡದ್ದು ಗಟ್ಟಿ ಹುಡುಗಿಯನ್ನು, ಅಹಂಕಾರ ಕರಗಿದರೆ ಎಲ್ಲಿಯೋ ಹೋಗುತ್ತಾಳೆ ಎಂದ. "ಕೇಳಿದೆವು" ಎಂದರು ಎಲ್ಲರೂ. ಇವತ್ತು ಏನು ಕಲಿತೆ ಎಂದು ಮೇಡಂ ಮಗಳನ್ನು ಕೇಳಿದರು. "ಸಾರಿ ಕೇಳೋದು" ಎಂದಳು. ಮೇಡಂಗೆ ಕಣ್ಣು ತುಂಬಿ ಬಂತು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಆ ಚಪ್ಪಾಳೆಗೆ ತಾಯಿಯ ಮೈ ಉರಿದುಹೋಯಿತು. ಎದುರಿಗೆ ಕೂತಿದ್ದ ಗುತ್ತಿಗೆದಾರನ ಮಗಳು ಬೇಡ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದಳು. ತಾಯಿ ಅದನ್ನು ನೋಡಿದಳು. ನೋಡಿಯೂ ಎದ್ದಳು.

"ನಾನು ಕಂಡಿದ್ದು ಹೆದರಿಕೊಂಡಿರೋ ಹುಡುಗೀನ" ಎಂದಳು. "ಇವರು ಮಕ್ಕಳನ್ನ ಕಾರಲ್ಲಿ ಕೂರಿಸ್ಕೊಂಡು, ಸಾರಿ ಅನ್ನೋವರೆಗೂ ಜೋರಾಗಿ ಓಡಿಸ್ತಾರೆ. ಹೆಂಡತಿ ಕಾಲು ಹೋಗಿರೋದೂ ಅದರಿಂದಲೇ. ಇವತ್ತು ನನ್ನ ಮಗಳಿಗೂ ಅದೇ ಮಾಡಿದಾರೆ."

"ಕೇಳಿದೆವು" ಎಂದು ಯಾರೂ ಅನ್ನಲಿಲ್ಲ. ಮೇಡಂ ಗುತ್ತಿಗೆದಾರನ ಮಗಳ ಕಡೆ ತಿರುಗಿದರು. "ಇದು ನಿಜವೇನಮ್ಮ?"

"ಇಲ್ಲ ಮೇಡಂ. ನಾನು ಹಾಗೆ ಹೇಳೇ ಇಲ್ಲ. ಆಂಟಿ ಕತೆ ಕಟ್ತಿದಾರೆ." ಹುಡುಗಿಯ ಧ್ವನಿ ಒಂದಿಷ್ಟೂ ನಡುಗಲಿಲ್ಲ.

ಮೇಡಂ ತಾಯಿಯ ಪಕ್ಕದಲ್ಲಿದ್ದ ಮಗಳನ್ನು ಕೇಳಿದರು. ಮಗಳು ನೆಲ ನೋಡುತ್ತ, "ಸಾರಿ" ಎಂದಳು. ಯಾರಿಗೆ, ಯಾತಕ್ಕೆ ಎಂದು ಮತ್ತೆ ಕೇಳಿದ್ದಕ್ಕೂ ಅದನ್ನೇ ಅಂದಳು.

ಗುತ್ತಿಗೆದಾರನಿಗೆ ಸಿಟ್ಟೇ ಬಂದಂತೆ ಕಾಣಲಿಲ್ಲ. ಸುಮ್ಮನೆ ಕೂತಿದ್ದ. ಆಮೇಲೆ ಜೇಬಿನಿಂದ ಕಾರಿನ ಕೀಲಿ ತೆಗೆದು ಅಂಗೈಯಲ್ಲಿಟ್ಟುಕೊಂಡು, "ಹೊರಡೋಣ್ವಾ ಪುಟ್ಟಾ? ದಾರಿ ದೂರ ಇದೆ" ಎಂದು ಮಗಳನ್ನು ಕರೆದ. ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ತಾನು ಎಂಥ ಕೆಲಸ ಮಾಡಿದೆ ಎಂದು ತಾಯಿಗೆ ಆಗ ಅರ್ಥವಾಯಿತು. ನಿಜ ಹೇಳಿ ತಾನು ಬಸ್ಸು ಹತ್ತುವವಳು, ಆ ಕಾರು ಹತ್ತಬೇಕಾದವಳು ಈ ಹುಡುಗಿ.

"ತಪ್ಪಾಯ್ತು" ಎಂದಳು. ಹೇಗೋ ಕಚೇರಿಯ ಧ್ವನಿ ಬಾಯಿಗೆ ಬಂತು, ಮೆತ್ತಗೆ, ಸರಾಗವಾಗಿ. "ನಾನೇ ತಪ್ಪು ತಿಳ್ಕೊಂಡೆ. ನಿಮಗಾದ ಬೇಜಾರಿಗೆ ಕ್ಷಮಿಸಿ."

"ಅಯ್ಯೋ, ಬಿಡಿ ಅಕ್ಕಾ" ಎಂದ ಗುತ್ತಿಗೆದಾರ. ಆಮೇಲೆ ಕುರ್ಚಿಗಳ ಕಡೆ ನೋಡಿ ನಕ್ಕ. "ಆದ್ರೆ ಆ ಕಡೆ ಕೂತಿರೋರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ."

ಕೆಲವರು ನಕ್ಕರು. ಅವಳು ಗಂಟಲೆತ್ತಿ ಇನ್ನೊಮ್ಮೆ ಹೇಳಿದಳು.

"ಕೇಳಿದೆವು" ಎಂದರು ಎಲ್ಲರೂ.

ಅಂಗಳದಲ್ಲಿ ಪೆಟ್ಟಿಗೆಗಳನ್ನು ಹೊರಗೆ ತರುವ ಗದ್ದಲ ನಡೆದಿತ್ತು. ಗುತ್ತಿಗೆದಾರ ಯಾರದೋ ಕೈ ಕುಲುಕುತ್ತಿದ್ದಾಗ ತಾಯಿ ಕಾರಿನ ಕಿಟಕಿಗೆ ಬಗ್ಗಿದಳು. "ನಮ್ಮ ಜೊತೆ ಬಂದುಬಿಡು. ರಜೆಯಲ್ಲಿ ನಮ್ಮನೇಲೇ ಇರು. ಏನಾದ್ರೂ ನೆಪ ಹೇಳ್ತೀನಿ."

"ಅಮ್ಮ ಒಬ್ಬಳೇ ಇದಾಳೆ" ಎಂದಳು ಹುಡುಗಿ. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಯಾಕೆ ಹೇಳಿದ್ರಿ ಆಂಟಿ?"

ತಾಯಿ ಕಿಟಕಿಯಿಂದ ಹಿಂದೆ ಸರಿದಳು. ಗುತ್ತಿಗೆದಾರ ಬಂದು ಕೂತ, ಕೈಬೀಸಿದ. ಕಾರು ಗೇಟು ದಾಟಿ, ದೀಪ ಮಿನುಗಿಸಿ ರಸ್ತೆಗೆ ತಿರುಗಿ, ಮದುವಣಗಿತ್ತಿಯನ್ನು ಕೂರಿಸಿಕೊಂಡ ಗಾಡಿಯ ಹಾಗೆ ನಿಧಾನವಾಗಿ ಇಳಿದು, ಮರಗಳ ಹಿಂದೆ ಮರೆಯಾಯಿತು. ತಾಯಿ ಮಗಳು ಇಬ್ಬರೂ ಬಸ್ಸಿಗೆ ಕಾಯುತ್ತ ಗೇಟಿನ ಹೊರಗೆ ನಿಂತರು.

ತಿರುವಿನಾಚೆಯಿಂದ ಎಂಜಿನಿನ ಸದ್ದು ಏರತೊಡಗಿತು. ಮೊದಲು ಅದು ಬೇರೆ ಯಾವುದೋ ಗಾಡಿಯದೆಂದು ತಾಯಿ ಅಂದುಕೊಂಡಳು. ಮಗಳಿಗೆ ಆ ಸದ್ದು ಗೊತ್ತಿತ್ತು. ಪೆಟ್ಟಿಗೆಯನ್ನು ಕೆಳಗೆ ಬಿಟ್ಟು, ರಸ್ತೆಯ ಅಂಚಿಗೆ ಬಂದು, ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಳು. ಸದ್ದು ಏರುತ್ತಲೇ ಹೋಯಿತು.

"ಹೇಳಿಬಿಡು ಕಣೇ" ಎಂದಳು ಮಗಳು, ಖಾಲಿ ರಸ್ತೆಯನ್ನೇ ನೋಡುತ್ತ. "ಬೇಗ ಹೇಳಿಬಿಡು."